ಒಂದು ವೋಲ್ಟಿಗೆ ಒಂದು ಸ್ಥಾಯಿ: ಸಿಂಥಸೈಜರ್ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಶ್ರುತಿ ತಪ್ಪುವುದರ ಬಗ್ಗೆ, ಸುಟ್ಟುಹೋದ ಮಾಡ್ಯೂಲ್‌ಗಳ (ಕೇಬಲ್‌ನಿಂದ ಜೋಡಿಸಿಕೊಳ್ಳುವ ಸಿಂಥಸೈಜರ್‌ನ ಬಿಡಿ ಘಟಕಗಳ) ಬಗ್ಗೆ. ಹೊಸ ಸಿಂಥ್‌ಗಳ ಡೆಮೊ ಕುರಿತು ಕೇಳಿದವರೂ ಇದ್ದಾರೆ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಹೊಸ ಅನಲಾಗ್ ಸಿಂಥ್ ಬಂತೆಂದರೆ ಅದೇ ದಿನ ಹತ್ತಾರು ಡೆಮೊ ವಿಡಿಯೊ ಬರುತ್ತವೆ. ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಕೊಳ್ಳುವ ಮೊದಲು ಅವುಗಳಲ್ಲಿ ಏನನ್ನು ಗಮನಿಸಬೇಕು?

ಚೆನ್ನಾಗಿ ಕೇಳಿಸುವುದರಲ್ಲಿ ದೊಡ್ಡ ಪಾಲು ರಿವರ್ಬ್ ಮತ್ತು ಡಿಲೇ ಎಂಬ ಮಾರ್ದನಿ ಎಫೆಕ್ಟ್‌ಗಳಿಗೆ ಸೇರಿದ್ದು. ಅವೆರಡನ್ನೂ ಧಾರಾಳವಾಗಿ ಸುರಿದರೆ ಬಾಗಿಲ ಗಂಟೆಯೂ ಗಂಧರ್ವಗಾನವೇ. ಹಾಗಾಗಿ ಮೊದಲು ಎಫೆಕ್ಟ್ ಇಲ್ಲದ ಜಾಗ ಹುಡುಕಿ. ಇಡೀ ವಿಡಿಯೊದಲ್ಲಿ ಅಂಥದ್ದೊಂದು ಜಾಗವೂ ಇಲ್ಲದಿದ್ದರೆ ಆ ಡೆಮೊ ಕೇಳಿ ಖುಷಿಪಡಲು ಸಾಕು, ದುಡ್ಡು ಬಿಚ್ಚಲು ಸಾಲದು.

ಅಂಥ ಜಾಗ ಸಿಕ್ಕರೆ ಫಿಲ್ಟರ್, ಅಂದರೆ ಮೇಲಿನ ಆವರ್ತನಗಳನ್ನು ಸೋಸುವ ಭಾಗದ ಕಡೆ ಕಿವಿ ಕೊಡಿ. ಕೆಳಸ್ಥಾಯಿಯ ಒಂದು ಸ್ವರ, ಗರಗಸದ ಹಲ್ಲಿನಂಥ ಸಾ-ಟೂತ್ ಅಲೆ, ಅದರ ಮೇಲೆ ರೆಸೊನೆನ್ಸ್ (ಸೋಸುವ ಗಡಿಯ ಆವರ್ತನವನ್ನು ಎತ್ತಿ ತೋರಿಸುವ ಗುಣ) ನಿಧಾನವಾಗಿ ಏರುತ್ತಿದೆ ಅಂದುಕೊಳ್ಳಿ. ಏರಿದಂತೆ ಕೆಳಗಿನ ದಪ್ಪ ಸದ್ದು ಎಷ್ಟು ಸೊರಗುತ್ತದೆ? ಮೂಗ್ ಮಾದರಿಯ ಲ್ಯಾಡರ್ ಫಿಲ್ಟರ್‌ನಲ್ಲಿ ಹೀಗೆ ಸೊರಗುವುದು ಹುಟ್ಟುಗುಣ. ಅಲ್ಲಿ ಹೊರಬಂದ ಸದ್ದನ್ನು ತಲೆಕೆಳಗು ಮಾಡಿ ಮತ್ತೆ ಒಳಕ್ಕೆ ಕೊಡುವುದರಿಂದಲೇ ರೆಸೊನೆನ್ಸ್ ಬರುವುದು. ಫಿಲ್ಟರ್ ತಾನಾಗಿಯೇ ಕೂಗತೊಡಗಲು ಆ ಫೀಡ್‌ಬ್ಯಾಕ್ 4 ಪಟ್ಟು ಇರಬೇಕು. ಆಗ ಕೆಳಗಿನ ಆವರ್ತನಗಳ ಮಟ್ಟ ಐದರಲ್ಲಿ ಒಂದು ಪಾಲಿಗೆ, ಅಂದರೆ ಸುಮಾರು 14 ಡೆಸಿಬೆಲ್ ಕೆಳಕ್ಕೆ ಇಳಿಯುತ್ತದೆ. ಕೆಲವು ತಯಾರಕರು ಇದನ್ನು ಸರಿದೂಗಿಸುತ್ತಾರೆ, ಕೆಲವರು ಬೇಕೆಂದೇ ಹಾಗೇ ಬಿಡುತ್ತಾರೆ. ಎರಡೂ ತಪ್ಪಲ್ಲ. ಬೇಸ್ ನುಡಿಸಲು ಕೊಳ್ಳುವವರು ಮಾತ್ರ ತಾವು ಕೊಳ್ಳುತ್ತಿರುವುದು ಯಾವ ಬಗೆಯದು ಎಂದು ಮೊದಲೇ ತಿಳಿದಿರಬೇಕು.

ಆಮೇಲೆ, ರೆಸೊನೆನ್ಸ್ ಹೆಚ್ಚಿಟ್ಟು ಕಟಾಫ್ (ಸೋಸುವ ಗಡಿ) ನಾಬನ್ನು ಮೆಲ್ಲಗೆ ತಿರುಗಿಸುವ ಜಾಗ. ಸದ್ದು ಜಾರುತ್ತಿದೆಯೋ, ಮೆಟ್ಟಿಲು ಹತ್ತುತ್ತಿದೆಯೋ? ಫಿಲ್ಟರ್ ಅಪ್ಪಟ ಅನಲಾಗ್ ಆಗಿದ್ದರೂ ನಾಬನ್ನು ಓದುವುದು ಪ್ರೊಸೆಸರ್ ಆಗಿರಬಹುದು. ಅದು 7 ಬಿಟ್‌ನಲ್ಲಿ ಓದಿದರೆ ಸಿಗುವುದು 128 ಮೆಟ್ಟಿಲು. ಕಟಾಫ್ ಹರಡಿರುವುದು 10 ಸ್ಥಾಯಿಗೆ, ಅಂದರೆ 120 ಅರ್ಧಸ್ವರಗಳಿಗೆ. ಹೆಚ್ಚುಕಮ್ಮಿ ಮೆಟ್ಟಿಲಿಗೊಂದು ಅರ್ಧಸ್ವರ! ಹಾರ್ಮೋನಿಯಂ ಮನೆಗಳ ಮೇಲೆ ಬೆರಳೆಳೆದ ಹಾಗೆ ಕೇಳಿಸುತ್ತದೆ.

ಮೂರನೆಯದು ಎನ್ವಲಪ್‌ನ, ಅಂದರೆ ಸ್ವರ ಏರಿ ಇಳಿಯುವ ಬಗೆಯನ್ನು ನಿಯಂತ್ರಿಸುವ ಭಾಗದ, ವೇಗ. ಇದನ್ನು ತಿಳಿಯಲು ಕಿಕ್ ಡ್ರಮ್ ಪ್ಯಾಚ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸೈನ್ ಅಲೆಯ ಶ್ರುತಿಯನ್ನು ಗಿಡ್ಡ ಎನ್ವಲಪ್‌ನಿಂದ ಮೇಲಿಂದ ಕೆಳಕ್ಕೆ ಬೀಳಿಸಿದಾಗ ಮೊದಲ ಏಟು ಟಕ್ ಎಂದು ಬಂದರೆ ಎನ್ವಲಪ್ ಚುರುಕಾಗಿದೆ. ‘ದುಂಫ್’ ಎಂದು ಮೆತ್ತಗೆ ಬಂದರೆ ಅಟ್ಯಾಕ್ ನಿಧಾನ, ಅದನ್ನು ಮುಂದೆ ಯಾವ ಕಂಪ್ರೆಸರ್ ಕೂಡ ಸರಿಮಾಡದು. ಕೊನೆಗೆ ಸ್ವರಗಳ ನಡುವಿನ ಮೌನ ಕೇಳಿ. ಹಿನ್ನೆಲೆಯ ಹಿಸ್ ಒಮ್ಮೆಲೇ ಕತ್ತರಿಸಿದಂತೆ ನಿಂತರೆ ಎಡಿಟಿಂಗ್‌ನಲ್ಲಿ ನಾಯ್ಸ್ ಗೇಟ್ ಹಾಕಿದ್ದಾರೆ ಎಂದೇ ಅರ್ಥ.

ನ್ಯಾಮ್‌ನಲ್ಲೋ ಬರ್ಲಿನ್‌ನ ಸೂಪರ್‌ಬೂತ್‌ನಲ್ಲೋ, ಅಂದರೆ ವಾದ್ಯ ಮೇಳಗಳಲ್ಲಿ, ಚಿತ್ರೀಕರಿಸಿದ ವಿಡಿಯೊ ಆದರೆ ಇನ್ನೊಂದು ಎಚ್ಚರ ಬೇಕು. ಮೇಜಿನ ಮೇಲಿರುವುದು ಎಷ್ಟೋ ಸಲ ಮಾದರಿ ಯಂತ್ರ, ಫರ್ಮ್‌ವೇರ್ ಅರೆಬೆಂದದ್ದು. ಅಲ್ಲಿ ಕಂಡ ದೋಷವೂ ಗುಣವೂ ಅಂಗಡಿಗೆ ಬರುವ ಯಂತ್ರದಲ್ಲಿ ಇರಲೇಬೇಕೆಂದಿಲ್ಲ.

ಪ್ರಶ್ನೆ: ಕೀಬೋರ್ಡಿನ ಸಿವಿಯನ್ನು (ಶ್ರುತಿ ಹೇಳುವ ನಿಯಂತ್ರಣ ವೋಲ್ಟೇಜ್) ವೈ ಕೇಬಲ್‌ನಿಂದ ಎರಡು ಆಸಿಲೇಟರ್‌ಗಳಿಗೆ (ಸ್ವರ ಹುಟ್ಟಿಸುವ ಮಾಡ್ಯೂಲ್) ಹಂಚಿದ್ದೇನೆ. ಒಂದೊಂದನ್ನೇ ಹಾಕಿದಾಗ ಶ್ರುತಿ ಸರಿಯಾಗಿದೆ. ಎರಡನ್ನೂ ಹಾಕಿದರೆ ಮೇಲಿನ ಸ್ಥಾಯಿಗಳಲ್ಲಿ ಎರಡೂ ಇಳಿದುಬಿಡುತ್ತವೆ. ಯಾವ ಆಸಿಲೇಟರ್ ಕೆಟ್ಟಿದೆ?

ಎರಡೂ ಕೆಟ್ಟಿಲ್ಲ. ವೋಲ್ಟೇಜ್ ದಾರಿಯಲ್ಲೇ ಸೋರುತ್ತಿದೆ.

ಯೂರೋರ‍್ಯಾಕ್‌ನಲ್ಲಿ (ಮಾಡ್ಯೂಲ್‌ಗಳ ಒಂದು ಪ್ರಮಾಣಿತ ಪದ್ಧತಿ) ಬಹಳಷ್ಟು ಔಟ್‌ಪುಟ್‌ಗಳ ಬಾಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಇರುತ್ತದೆ. ತಪ್ಪಿ ಶಾರ್ಟ್ ಆದರೂ ಒಳಗಿನ ಓಪ್-ಆಂಪ್ (ಆಂಪ್ಲಿಫೈಯರ್ ಚಿಪ್) ಉಳಿಯಲಿ ಎಂದು. ಆಸಿಲೇಟರ್‌ನ ಇನ್‌ಪುಟ್ ಸಾಮಾನ್ಯವಾಗಿ 100 ಕಿಲೋಓಮ್. ಈ ಎರಡೂ ಸೇರಿ ವೋಲ್ಟೇಜ್ ಡಿವೈಡರ್ ಆಗುತ್ತದೆ. ಕೀಬೋರ್ಡ್ 4 ವೋಲ್ಟ್ ಕಳಿಸಿದರೆ ಒಂದೇ ಆಸಿಲೇಟರ್ ಇದ್ದಾಗ ಅದಕ್ಕೆ ತಲುಪುವುದು 4 × 100/101, ಅಂದರೆ 3.960 ವೋಲ್ಟ್. ನೀವು ಶ್ರುತಿ ಮಾಡಿದ್ದು ಈ ಸೋರಿಕೆಯನ್ನೂ ಸೇರಿಸಿಯೇ, ಹಾಗಾಗಿ ಗೊತ್ತಾಗಲಿಲ್ಲ. ಎರಡನೆಯದನ್ನು ಸೇರಿಸಿದಾಗ ಎರಡು 100 ಕಿಲೋಓಮ್‌ಗಳು ಪಕ್ಕಪಕ್ಕ ನಿಂತು 50 ಕಿಲೋಓಮ್ ಆಗುತ್ತವೆ. ಈಗ ತಲುಪುವುದು 4 × 50/51 = 3.922 ವೋಲ್ಟ್. ವ್ಯತ್ಯಾಸ 39 ಮಿಲಿವೋಲ್ಟ್. ಒಂದು ವೋಲ್ಟಿಗೆ ಒಂದು ಸ್ಥಾಯಿ, ಅಂದರೆ 1200 ಸೆಂಟ್‌ನಂತೆ (ಅರ್ಧಸ್ವರಕ್ಕೆ 100 ಸೆಂಟ್) ಲೆಕ್ಕ ಹಾಕಿದರೆ ಸುಮಾರು 47 ಸೆಂಟ್, ಅಂದರೆ ಅರ್ಧಸ್ವರದ ಅರ್ಧ. ಮೊದಲ ಸ್ಥಾಯಿಯಲ್ಲಿ ಇದೇ ತಪ್ಪು 12 ಸೆಂಟ್ ಮಾತ್ರ. ಕೆಳಗೆ ಸರಿಯಿದ್ದು ಮೇಲೆ ಹೋದಂತೆ ಇಳಿಯುವುದಕ್ಕೆ ಇದೇ ಕಾರಣ.

ಪರಿಹಾರ ಬಫರ್ಡ್ ಮಲ್ಟಿಪಲ್ ಎಂಬ ಹಂಚುವ ಮಾಡ್ಯೂಲ್. ಅದರ ಪ್ರತಿ ಔಟ್‌ಪುಟ್‌ಗೂ ತನ್ನದೇ ಓಪ್-ಆಂಪ್ ಇರುವುದರಿಂದ ಒಂದಕ್ಕೆ ಹೊರೆ ಹಾಕಿದರೆ ಇನ್ನೊಂದು ಬಗ್ಗದು. ಕೊಳ್ಳುವಾಗ ಶ್ರುತಿ ಸಿವಿಗೆ ತಕ್ಕಷ್ಟು ನಿಖರವೇ ಎಂದು ನೋಡಿ. ಔಟ್‌ಪುಟ್ ರೆಸಿಸ್ಟರನ್ನು ಫೀಡ್‌ಬ್ಯಾಕ್ ಸುತ್ತಿನ ಒಳಗೇ ಇಟ್ಟ ವಿನ್ಯಾಸವಾದರೆ ಈ ನಷ್ಟವೇ ಇರುವುದಿಲ್ಲ. ಗೇಟ್ (ಕೀಲಿ ಒತ್ತಿರುವ ಸೂಚನೆ), ಎಲ್‌ಎಫ್‌ಒ (ನಿಧಾನ ಅಲೆ), ಎನ್ವಲಪ್ ಹಂಚಲು ನಿಮ್ಮ ವೈ ಕೇಬಲ್ಲೇ ಸಾಕು. ಶೇಕಡಾ ಒಂದರ ಕೊರತೆ ಅಲ್ಲಿ ಯಾರ ಕಿವಿಗೂ ಬೀಳದು. ಒಂದು ಮಾತು ಮರೆಯಬೇಡಿ: ವೈ ಕೇಬಲ್‌ನಿಂದ ಒಂದನ್ನು ಎರಡಕ್ಕೆ ಹಂಚಬಹುದು, ಎರಡು ಔಟ್‌ಪುಟ್‌ಗಳನ್ನು ಒಂದಕ್ಕೆ ಕೂಡಿಸಬಾರದು. ಕೂಡಿಸಲು ಮಿಕ್ಸರ್ ಬೇಕು.

ಪ್ರಶ್ನೆ: ವಿಸಿಒ (ವೋಲ್ಟೇಜ್‌ನಿಂದ ನಡೆಯುವ ಆಸಿಲೇಟರ್) ಕ್ಯಾಲಿಬ್ರೇಷನ್ ಮಾಡಲು ಹೊರಟರೆ ಒಂದು ಕಡೆ ಸರಿಮಾಡಿದಾಗ ಇನ್ನೊಂದು ಕಡೆ ತಪ್ಪುತ್ತದೆ. ಮರುದಿನ ನೋಡಿದರೆ ಎಲ್ಲವೂ ತಪ್ಪಿರುತ್ತದೆ. ಕ್ರಮ ಏನು?

ಮರುದಿನದ ವಿಷಯ ಮೊದಲು. ವೋಲ್ಟೇಜನ್ನು ಸ್ಥಾಯಿಗೆ ತಿರುಗಿಸುವುದು ಎಕ್ಸ್‌ಪೊನೆನ್ಷಿಯಲ್ ಕನ್ವರ್ಟರ್‌ನ ಟ್ರಾನ್ಸಿಸ್ಟರ್ ಜೋಡಿ. ಅದರ ಅಳತೆ ಕೋಣೆಯ ಬಿಸಿಯಲ್ಲಿ ಡಿಗ್ರಿಗೆ ಶೇ 0.33ರಷ್ಟು ಬದಲಾಗುತ್ತದೆ. ತಡೆಯುವ ವ್ಯವಸ್ಥೆ ಇಲ್ಲದಿದ್ದರೆ 5 ಡಿಗ್ರಿ ಏರಿಕೆಗೆ 4 ಸ್ಥಾಯಿಯ ಅಂತರದಲ್ಲಿ 80 ಸೆಂಟ್ ತಪ್ಪುತ್ತದೆ. ಇದನ್ನು ಸರಿದೂಗಿಸಲು ಡಿಗ್ರಿಗೆ ಅಷ್ಟೇ ಪ್ರಮಾಣದಲ್ಲಿ ಏರುವ ಟೆಂಪ್‌ಕೊ ರೆಸಿಸ್ಟರ್ ಹಾಕುತ್ತಾರೆ. ಅದು ಟ್ರಾನ್ಸಿಸ್ಟರ್ ಜೋಡಿಗೆ ತಾಗಿಕೊಂಡೇ ಇರಬೇಕು. ಕಿಟ್ ಜೋಡಿಸಿದವರು ಅದನ್ನು ಅರ್ಧ ಇಂಚು ಮೇಲೆತ್ತಿ ಬೆಸುಗೆ ಹಾಕಿರುವುದು ಸಾಮಾನ್ಯ ತಪ್ಪು. ಹಾಗಿದ್ದರೆ ಅದನ್ನು ಬಗ್ಗಿಸಿ ಜೋಡಿಯ ಮೈಗೆ ತಾಗಿಸಿ, ನಡುವೆ ಹನಿಯಷ್ಟು ಥರ್ಮಲ್ ಪೇಸ್ಟ್ ಹಚ್ಚಿ.

ಇನ್ನು ಕ್ರಮ. ಮಾಡ್ಯೂಲನ್ನು ಕೇಸಿನಲ್ಲೇ ಇಟ್ಟು, ಅಕ್ಕಪಕ್ಕದ ಮಾಡ್ಯೂಲ್‌ಗಳೂ ಆನ್ ಆಗಿರುವಂತೆ 30 ನಿಮಿಷ ಬಿಡಿ. 1 ವೋಲ್ಟ್ ಕೊಟ್ಟು, ಟ್ಯೂನರ್‌ನಲ್ಲಿ 110 ಹರ್ಟ್ಜ್ ಬರುವಂತೆ ಕೋರ್ಸ್ ನಾಬ್ ಹೊಂದಿಸಿ. ಈಗ 3 ವೋಲ್ಟ್ ಕೊಟ್ಟರೆ 440 ಹರ್ಟ್ಜ್ ಬರಬೇಕು. 10 ಸೆಂಟ್ ಹೆಚ್ಚು ಬಂತೆನ್ನಿ. ಸ್ಕೇಲ್ ಟ್ರಿಮ್ಮರನ್ನು (ವೋಲ್ಟಿಗೆ ಶ್ರುತಿ ಎಷ್ಟು ಏರಬೇಕೆಂದು ಹೊಂದಿಸುವ ಸಣ್ಣ ತಿರುಪು) ತುಸು ಇಳಿಸಿ. ಇಲ್ಲೇ ಎಲ್ಲರೂ ಎಡವುವುದು: ಸ್ಕೇಲ್ ಟ್ರಿಮ್ಮರ್ ಮುಟ್ಟಿದರೆ 1 ವೋಲ್ಟಿನ ಸ್ವರವೂ ಕದಲುತ್ತದೆ. ಆದ್ದರಿಂದ ಪ್ರತಿ ಸಲವೂ 1 ವೋಲ್ಟಿಗೆ ಮರಳಿ, ಕೋರ್ಸ್‌ನಿಂದ 110ಕ್ಕೆ ತಂದು, ಮತ್ತೆ 3 ವೋಲ್ಟ್ ನೋಡಬೇಕು. ಐದಾರು ಸುತ್ತಿಗೆ 1 ಸೆಂಟ್ ಒಳಗೆ ಬರುತ್ತದೆ. ಸ್ಕ್ರೂಡ್ರೈವರ್ ಪ್ಲಾಸ್ಟಿಕ್‌ದಾಗಿರಲಿ. ಟ್ರಾನ್ಸಿಸ್ಟರ್ ಜೋಡಿಯ ಮೇಲೆ ಉಸಿರು ಬಿದ್ದರೂ ಶ್ರುತಿ ಕದಲುತ್ತದೆ, ಬೆರಳಂತೂ ಬೇಡವೇ ಬೇಡ.

ಇದು ಸರಿಯಾದ ಮೇಲೂ 5, 6 ವೋಲ್ಟಿನಲ್ಲಿ ಮಾತ್ರ ಶ್ರುತಿ ಇಳಿದರೆ ಸ್ಕೇಲ್ ಮುಟ್ಟಬೇಡಿ. ಅದು ಹೈ ಫ್ರೀಕ್ವೆನ್ಸಿ ಟ್ರಿಮ್ಮರ್‌ನ ಕೆಲಸ. ಸಾ-ಟೂತ್ ಆಸಿಲೇಟರ್ ಪ್ರತಿ ಸುತ್ತಿನ ಕೊನೆಯಲ್ಲೂ ಕೆಪಾಸಿಟರನ್ನು ಖಾಲಿ ಮಾಡಬೇಕು. ಅದಕ್ಕೆ 1 ಮೈಕ್ರೋಸೆಕೆಂಡ್ ಹಿಡಿಯಿತೆಂದರೆ 1000 ಹರ್ಟ್ಜ್‌ನಲ್ಲಿ ಅದು ಸುತ್ತಿನ ಸಾವಿರದ ಒಂದು ಪಾಲು, ತಪ್ಪು 2 ಸೆಂಟ್‌ಗೂ ಕಡಿಮೆ. 8000 ಹರ್ಟ್ಜ್‌ನಲ್ಲಿ ಸುತ್ತೇ 125 ಮೈಕ್ರೋಸೆಕೆಂಡ್, ತಪ್ಪು 14 ಸೆಂಟ್ ಹತ್ತಿರ.

ಮೀಟರ್ ಬಗ್ಗೆಯೂ ಒಂದು ಮಾತು. 1 ಸೆಂಟ್ ಅಂದರೆ 0.83 ಮಿಲಿವೋಲ್ಟ್. ಅಗ್ಗದ ಮಲ್ಟಿಮೀಟರ್ 20 ವೋಲ್ಟ್ ರೇಂಜಿನಲ್ಲಿ ತೋರಿಸುವ ಕನಿಷ್ಠ ಹೆಜ್ಜೆ 10 ಮಿಲಿವೋಲ್ಟ್, ಅಂದರೆ 12 ಸೆಂಟ್. ಅದರಲ್ಲಿ 3.00 ಎಂದು ಕಂಡ ಮಾತ್ರಕ್ಕೆ ನಂಬಿ ಕೂರಬೇಡಿ. ಈಗಾಗಲೇ ಸರಿಯಿರುವ ಇನ್ನೊಂದು ಆಸಿಲೇಟರ್ ಇದ್ದರೆ ಎರಡನ್ನೂ ಒಟ್ಟಿಗೆ ನುಡಿಸಿ ಬೀಟ್ ಎಣಿಸಿ. 440ರ ಎದುರು 441 ಇದ್ದರೆ ಸೆಕೆಂಡಿಗೆ ಒಂದು ಬೀಟ್. ತಪ್ಪು 4 ಸೆಂಟ್ ಅಷ್ಟೇ, ಆದರೂ ಮಗುವಿಗೂ ಕೇಳಿಸುತ್ತದೆ.

ಪ್ರಶ್ನೆ: ಮಾಡ್ಯೂಲ್‌ನ ರಿಬ್ಬನ್ ಕೇಬಲ್ ಉಲ್ಟಾ ಹಾಕಿಬಿಟ್ಟೆ. ಸುಟ್ಟ ವಾಸನೆ ಬಂತು, ತಕ್ಷಣ ಆಫ್ ಮಾಡಿದೆ. ಈಗ ಪಕ್ಕದ ಇನ್ನೊಂದು ಮಾಡ್ಯೂಲ್ ಕೂಡ ಕೆಲಸ ಮಾಡುತ್ತಿಲ್ಲ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ!

ನೀವು ಹಾಕಿದ್ದು 16 ಪಿನ್ ಕೇಬಲ್ ಇರಬೇಕು. ಪಕ್ಕದ್ದು 5 ವೋಲ್ಟ್ ಬಳಸುವ ಮಾಡ್ಯೂಲ್ ಇರಬೇಕು.

ಡೀಟರ್ ಡೋಪ್ಫರ್ ತಮ್ಮ ಎ-100 ಮಾಡ್ಯುಲರ್ ಸಿಂಥ್ ಜೊತೆಗೆ ತಂದ ಜೋಡಣೆಯಲ್ಲಿ ಕೆಂಪು ಗೆರೆಯ ಕಡೆಯಿಂದ ಎಣಿಸಿದರೆ 1, 2ನೇ ಪಿನ್ ಮೈನಸ್ 12 ವೋಲ್ಟ್. 3ರಿಂದ 8 ಗ್ರೌಂಡ್. 9, 10 ಪ್ಲಸ್ 12. 11, 12 ಪ್ಲಸ್ 5. 13, 14 ಸಿವಿ. 15, 16 ಗೇಟ್. 10 ಪಿನ್ ಕೇಬಲ್ ತಿರುವುಮುರುವಾದರೆ ಪ್ಲಸ್ 12 ಮತ್ತು ಮೈನಸ್ 12 ಅದಲುಬದಲಾಗುತ್ತವೆ, ಗ್ರೌಂಡ್ ತನ್ನ ಜಾಗದಲ್ಲೇ ಉಳಿಯುತ್ತದೆ. ಹಾನಿ ಆ ಮಾಡ್ಯೂಲ್‌ಗೆ ಸೀಮಿತ. 16 ಪಿನ್ ಉಲ್ಟಾ ಆದಾಗ ಹಾಗಲ್ಲ. ಮಾಡ್ಯೂಲಿನ 3ರಿಂದ 8ನೇ ಪಿನ್‌ಗಳು ಬಸ್‌ಬೋರ್ಡಿನ (ಎಲ್ಲ ಮಾಡ್ಯೂಲ್‌ಗಳಿಗೂ ವಿದ್ಯುತ್ ಹಂಚುವ ಫಲಕದ) 14ರಿಂದ 9ನೇ ಪಿನ್‌ಗಳ ಮೇಲೆ ಕೂರುತ್ತವೆ. ಆ ಆರೂ ಪಿನ್‌ಗಳು ಮಾಡ್ಯೂಲ್ ಒಳಗೆ ಒಂದೇ ಗ್ರೌಂಡ್ ತಾಮ್ರಕ್ಕೆ ಸೇರಿರುವುದರಿಂದ ಬಸ್‌ಬೋರ್ಡಿನ 12 ವೋಲ್ಟ್, 5 ವೋಲ್ಟ್, ಸಿವಿ ಮೂರೂ ಒಂದಾಗುತ್ತವೆ. 5 ವೋಲ್ಟ್ ತಂತಿಯ ಮೇಲೆ 12 ವೋಲ್ಟ್ ಹರಿದು, ಏನೂ ತಪ್ಪು ಮಾಡದ ಪಕ್ಕದ ಡಿಜಿಟಲ್ ಮಾಡ್ಯೂಲ್ ಸಾಯುತ್ತದೆ.

ಈಗ ಮಾಡಬೇಕಾದ್ದು. ‘ಇನ್ನೊಂದು ಸಲ ಆನ್ ಮಾಡಿ ನೋಡೋಣ’ ಬೇಡ. ಎಲ್ಲ ಮಾಡ್ಯೂಲ್ ಬಿಚ್ಚಿ, ಪವರ್ ಸಪ್ಲೈ ಒಂದನ್ನೇ ಆನ್ ಮಾಡಿ ಮೂರೂ ವೋಲ್ಟೇಜ್ ಅಳೆಯಿರಿ. ಅವು ಸರಿಯಿದ್ದರೆ ಉಲ್ಟಾ ಹಾಕಿದ ಮಾಡ್ಯೂಲಿನ ಪ್ಲಸ್ 12 ಮತ್ತು ಗ್ರೌಂಡ್ ನಡುವೆ, ಮೈನಸ್ 12 ಮತ್ತು ಗ್ರೌಂಡ್ ನಡುವೆ ಓಮ್ ನೋಡಿ. ಒಂದೆರಡು ಓಮ್ ಮಾತ್ರ ತೋರಿಸಿದರೆ ಶಾರ್ಟ್. ಬಹಳ ಸಲ ಅದು ಪವರ್ ಹೆಡರ್ ಪಕ್ಕದ ರಕ್ಷಣಾ ಡಯೋಡ್ ಅಥವಾ 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಡಯೋಡಿನ ಒಂದು ಕಾಲು ಎತ್ತಿ ಮತ್ತೆ ಅಳೆದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ. ಶಾರ್ಟ್ ಹೋದ ಮೇಲೂ ಸಪ್ಲೈಗೆ ನೇರ ಜೋಡಿಸದೆ ಎರಡೂ 12 ವೋಲ್ಟ್ ತಂತಿಗಳಿಗೆ 47 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಪ್ರತಿ ರೆಸಿಸ್ಟರ್ ಮೇಲೆ 1 ವೋಲ್ಟ್ ಬಿದ್ದರೆ 21 ಮಿಲಿಆಂಪಿಯರ್ ಹರಿಯುತ್ತಿದೆ ಎಂದು ಲೆಕ್ಕ. 5 ವೋಲ್ಟ್ ಬೀಳುತ್ತಿದ್ದರೆ 100 ದಾಟಿದೆ, ಆರಿಸಿ. ಆಮೇಲೆ ಐಸಿಗಳ ಬೆನ್ನು ಮುಟ್ಟಿ ನೋಡಿ. ಟಿಎಲ್072 ಓಪ್-ಆಂಪ್ ಬೆಚ್ಚಗಿರಬಹುದು, ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಬದಲಿಸಿ. ಅದರ 8ನೇ ಪಿನ್ ಪ್ಲಸ್, 4ನೆಯದು ಮೈನಸ್. ಟಿಎಲ್074ರಲ್ಲಿ 4ನೆಯದೇ ಪ್ಲಸ್, 11 ಮೈನಸ್. ಈ ಗೊಂದಲದಲ್ಲಿ ಎರಡನೇ ಸಲ ಸುಟ್ಟವರು ಕಡಿಮೆಯಿಲ್ಲ.

ಮುಂದಕ್ಕೆ: ಕೆಂಪು ಗೆರೆ ಅಂದರೆ ಮೈನಸ್ 12. ಕೆಂಪು ಬಣ್ಣ ಕಂಡ ಕೂಡಲೇ ಪ್ಲಸ್ ಎನ್ನುವ ಅಭ್ಯಾಸವೇ ಇಲ್ಲಿ ಶತ್ರು. ಉಲ್ಟಾ ಕೂರದಂತೆ ಕಚ್ಚು ಇರುವ ಕನೆಕ್ಟರನ್ನೂ ಕಣ್ಣುಮುಚ್ಚಿ ನಂಬಬೇಡಿ, ಕೇಬಲ್‌ಗೇ ತಲೆ ತಪ್ಪಾಗಿ ಒತ್ತಿರುವುದುಂಟು.

ಪ್ರಶ್ನೆ: ಕೊರ್ಗ್ ಎಂಎಸ್-20 ಮಿನಿ ಸಿಂಥ್ ಅನ್ನು ಯೂರೋರ‍್ಯಾಕ್ ಸೀಕ್ವೆನ್ಸರ್‌ನಿಂದ (ಸ್ವರಗಳನ್ನು ಸಾಲಾಗಿ ಕಳಿಸುವ ಯಂತ್ರ) ನುಡಿಸಬಹುದೇ? ಸ್ವರಗಳು ಎಲ್ಲೆಲ್ಲೋ ಹೋಗುತ್ತಿವೆ, ಗೇಟ್ ಕೂಡ ವಿಚಿತ್ರವಾಗಿ ವರ್ತಿಸುತ್ತಿದೆ.

ಭಾಷೆ ಬೇರೆ. ಯೂರೋರ‍್ಯಾಕ್‌ನಲ್ಲಿ ಸ್ಥಾಯಿಗೊಂದು ವೋಲ್ಟ್ ಕೂಡುತ್ತದೆ: 1, 2, 3, 4. 1978ರ ಎಂಎಸ್-20 ಮತ್ತು 2013ರಲ್ಲಿ ಬಂದ ಅದರ ಮಿನಿ ರೂಪ ಹರ್ಟ್ಜ್ ಪ್ರತಿ ವೋಲ್ಟ್ ಪದ್ಧತಿಯವು, ಅಲ್ಲಿ ಸ್ಥಾಯಿಗೊಮ್ಮೆ ವೋಲ್ಟ್ ಇಮ್ಮಡಿ: 1, 2, 4, 8. ನಿಮ್ಮ ಸೀಕ್ವೆನ್ಸರ್ 1ರಿಂದ 2ಕ್ಕೆ ಹೋದಾಗ ಸ್ಥಾಯಿ ಸರಿಯಾಗಿಯೇ ಏರುತ್ತದೆ. 2ರಿಂದ 3ಕ್ಕೆ ಹೋದಾಗ ಅನುಪಾತ ಒಂದೂವರೆ, ಹಾಗಾಗಿ ಮೇಲಿನ ಷಡ್ಜ ಬರಬೇಕಾದಲ್ಲಿ ಪಂಚಮ ಬಂದು ನಿಲ್ಲುತ್ತದೆ. 3ರಿಂದ 4ಕ್ಕೆ ಮಧ್ಯಮದಷ್ಟೇ ಏರಿಕೆ. ಯಂತ್ರ ಕೆಟ್ಟಿಲ್ಲ, ಲೆಕ್ಕ ಸರಿಯಾಗಿಯೇ ಮಾಡುತ್ತಿದೆ.

ಸುಲಭದ ದಾರಿ ಎಂದರೆ ಸಿವಿ ಬಿಟ್ಟು ಮಿಡಿ (ಸ್ವರಗಳನ್ನು ಡಿಜಿಟಲ್ ಸಂದೇಶವಾಗಿ ಕಳಿಸುವ ವಿಧಾನ) ಬಳಸುವುದು. ಮಿನಿಯಲ್ಲಿ 5 ಪಿನ್ ಮಿಡಿ ಇನ್ ಇದೆ, ಯುಎಸ್‌ಬಿಯೂ ಇದೆ. ಸಿವಿಯೇ ಬೇಕೆಂದರೆ ಹರ್ಟ್ಜ್ ಪ್ರತಿ ವೋಲ್ಟ್ ಕಳಿಸಬಲ್ಲ ಸೀಕ್ವೆನ್ಸರ್ ಬೇಕು. ಆರ್ಟೂರಿಯಾ ಕೀಸ್ಟೆಪ್ ಕೀಬೋರ್ಡಿನಲ್ಲಿ ಆ ಆಯ್ಕೆ ಇದೆ.

ಗೇಟ್ ವಿಷಯ ಇನ್ನೂ ಸರಳ. ಎಂಎಸ್-20ಕ್ಕೆ ಬೇಕಿರುವುದು ಎಸ್-ಟ್ರಿಗ್, ಅಂದರೆ ವೋಲ್ಟ್ ಕೊಡುವುದಲ್ಲ, ಗ್ರೌಂಡಿಗೆ ಶಾರ್ಟ್ ಮಾಡುವುದು. ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್, ಒಂದು 10 ಕಿಲೋಓಮ್ ರೆಸಿಸ್ಟರ್ ಸಾಕು. ಗೇಟಿನಿಂದ ರೆಸಿಸ್ಟರ್ ಮೂಲಕ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಎಂಎಸ್-20ರ ಟ್ರಿಗ್ ಇನ್‌ಗೆ. ಚಪ್ಪಟೆ ಮುಖ ನಿಮ್ಮ ಕಡೆಗಿದ್ದಾಗ ಎಡದಿಂದ ಬಲಕ್ಕೆ ಬಿಸಿ547ರ ಕಾಲುಗಳು ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಇದು ತಿರುವುಮುರುವು. ಒಂದರ ಚಿತ್ರ ನೋಡಿ ಇನ್ನೊಂದನ್ನು ಬೆಸುಗೆ ಹಾಕಬೇಡಿ.

ಪ್ರಶ್ನೆ: ಡಿಸಿಒ (ಡಿಜಿಟಲ್ ನಿಯಂತ್ರಣದ ಆಸಿಲೇಟರ್) ಇರುವ ಸಿಂಥ್ ಅನ್ನು ಅನಲಾಗ್ ಎನ್ನಬಹುದೇ?

ಎನ್ನಬಹುದು. 1982ರ ರೋಲಾಂಡ್ ಜುನೊ-6, ಜುನೊ-60ರಲ್ಲಿ ಅಲೆಯನ್ನು ಕಟ್ಟುವುದು ಕೆಪಾಸಿಟರ್ರೇ. ಅದನ್ನು ಯಾವ ಕ್ಷಣದಲ್ಲಿ ಖಾಲಿ ಮಾಡಬೇಕೆಂದು ಹೇಳುವುದು ಮಾತ್ರ ಡಿಜಿಟಲ್ ಕೌಂಟರ್. ಎಲ್ಲ ಧ್ವನಿಗಳಿಗೂ ಗಡಿಯಾರ ಒಂದೇ ಆದ್ದರಿಂದ ಅವುಗಳ ನಡುವೆ ಶ್ರುತಿ ಕದಲದು. ಎರಡು ವಿಸಿಒಗಳ ನಡುವಿನ ಸಣ್ಣ ಅಲೆದಾಟ ಅಲ್ಲಿ ಸಿಗುವುದಿಲ್ಲ. ಆ ಕೊರತೆಯನ್ನು ಮುಚ್ಚಲೆಂದೇ ಜುನೊಗಳಲ್ಲಿ ಆ ಪ್ರಸಿದ್ಧ ಕೋರಸ್ ಎಫೆಕ್ಟ್.

ಪ್ರಶ್ನೆ: ಹಳೆಯ ಜುನೊ-106 ಒಂದು ಮಾರಾಟಕ್ಕಿದೆ. ನೋಡಲು ಹೋದಾಗ ಏನು ಪರೀಕ್ಷಿಸಲಿ?

ಆರು ಧ್ವನಿಗಳನ್ನೂ ಬೇರೆ ಬೇರೆಯಾಗಿ. 1984ರ ಈ ಯಂತ್ರದಲ್ಲಿ ಪ್ರತಿ ಧ್ವನಿಯ ಫಿಲ್ಟರ್, ವಿಸಿಎ (ಸದ್ದಿನ ಮಟ್ಟ ನಿಯಂತ್ರಿಸುವ ಭಾಗ) ಎರಡನ್ನೂ ಹೊತ್ತ 80017ಎ ಎಂಬ ಬಿಲ್ಲೆ ಇದೆ. ಅದಕ್ಕೆ ಮೆತ್ತಿದ ಎಪಾಕ್ಸಿ ವರ್ಷಗಳು ಕಳೆದಂತೆ ವಿದ್ಯುತ್ ಸೋರಿಸತೊಡಗುತ್ತದೆ. ಲಕ್ಷಣಗಳು: ಒಂದು ಧ್ವನಿ ಚಟಪಟ ಎನ್ನುವುದು, ಕೀಲಿ ಬಿಟ್ಟರೂ ನಿಲ್ಲದಿರುವುದು, ಅಥವಾ ಪೂರ್ತಿ ಮೌನ. ಕೀ ಟ್ರಾನ್ಸ್‌ಪೋಸ್ ಗುಂಡಿ ಒತ್ತಿಹಿಡಿದು ಆನ್ ಮಾಡಿದರೆ ಟೆಸ್ಟ್ ಮೋಡ್ ಬರುತ್ತದೆ. ಕೀಲಿಗಳನ್ನು ಒಂದೊಂದಾಗಿ ಒತ್ತಿದಂತೆ ಯಾವ ಧ್ವನಿ ನುಡಿಯುತ್ತಿದೆ ಎಂದು ಡಿಸ್‌ಪ್ಲೇ ತೋರಿಸುತ್ತದೆ. ಕೆಟ್ಟದ್ದರ ಸಂಖ್ಯೆ ಬರೆದುಕೊಳ್ಳಿ, ಬೆಲೆ ಮಾತಾಡಲು ಅದೇ ಆಧಾರ. ಆನ್ ಮಾಡಿದ ಕೂಡಲೇ ಚೆನ್ನಾಗಿದ್ದು ಅರ್ಧ ಗಂಟೆಗೆ ಕೈಕೊಡುವವೂ ಇವೆ, ಆದ್ದರಿಂದ ಆತುರ ಬೇಡ.

ರಿಪೇರಿಗೆ ಎರಡು ದಾರಿ. ಬಿಲ್ಲೆ ಕಿತ್ತು ಗಾಜಿನ ಪಾತ್ರೆಯಲ್ಲಿ ಅಸಿಟೋನ್‌ನೊಳಗೆ ಒಂದೆರಡು ದಿನ ಮುಚ್ಚಿಟ್ಟು ಎಪಾಕ್ಸಿ ಸುಲಿಯುವುದು, ಇಲ್ಲವೇ ಹೊಸದಾಗಿ ತಯಾರಾಗುವ ಬದಲಿ ಬಿಲ್ಲೆ ಹಾಕುವುದು. ಸುಲಿಯುವಾಗ ಒಳಗಿನ ಸಣ್ಣ ಬಿಡಿಭಾಗ ಕಿತ್ತುಬರುವ ಅಪಾಯವಿದೆ, ಅಸಿಟೋನ್ ಹತ್ತಿರ ಬೆಂಕಿಯ ಸುಳಿವೂ ಇರಬಾರದು. ಆರರಲ್ಲಿ ಎರಡು ಹೋಗಿದ್ದರೆ ಆರನ್ನೂ ಬದಲಿಸುವುದೇ ಜಾಣತನ, ಉಳಿದ ನಾಲ್ಕೂ ಅದೇ ವಯಸ್ಸಿನವು. ಒಳಗಿನ 3 ವೋಲ್ಟ್ ಲಿಥಿಯಂ ಬ್ಯಾಟರಿ ಬದಲಿಸುವ ಮೊದಲು ಪ್ಯಾಚ್‌ಗಳನ್ನು (ಉಳಿಸಿಟ್ಟ ಸದ್ದುಗಳನ್ನು) ಸಿಸೆಕ್ಸ್ ಎಂಬ ಮಿಡಿ ಸಂದೇಶದ ಮೂಲಕವೋ ಟೇಪ್ ಔಟ್ ಮೂಲಕವೋ ಉಳಿಸಿಕೊಳ್ಳಿ.

ಪ್ರಶ್ನೆ: ಸಿಇಎಂ3340 ಆಸಿಲೇಟರ್ ಚಿಪ್ ಮತ್ತೆ ತಯಾರಾಗುತ್ತಿದೆಯಂತೆ. ಹಳೆಯದಕ್ಕೂ ಹೊಸದಕ್ಕೂ ಸದ್ದಿನಲ್ಲಿ ವ್ಯತ್ಯಾಸ ಇದೆಯೇ?

ಕರ್ಟಿಸ್ ಕಂಪನಿಯೇ 2016ರಲ್ಲಿ ಇದನ್ನು ಮತ್ತೆ ತಂದಿತು. ಪ್ರಾಫೆಟ್-5ರ ಮೂರನೇ ಆವೃತ್ತಿ, ಎಸ್‌ಎಚ್-101, ಒಬಿ-ಎಕ್ಸ್‌ಎ, ಮೆಮೊರಿಮೂಗ್ ಸಿಂಥ್‌ಗಳಲ್ಲಿ ಇದ್ದದ್ದು ಇದೇ. ಕಾಲಿಗೆ ಕಾಲು ಹೊಂದುವ ಎಎಸ್3340, ವಿ3340 ಕೂಡ ಇವೆ. ಸದ್ದಿನಲ್ಲಿ ನಿಮಗೆ ಕೇಳಿಸುವ ವ್ಯತ್ಯಾಸ ಚಿಪ್‌ನಿಂದಲ್ಲ, ಸುತ್ತಲಿನ ಬಿಡಿಭಾಗಗಳಿಂದ. 1 ನ್ಯಾನೊಫ್ಯಾರಡ್ ಟೈಮಿಂಗ್ ಕೆಪಾಸಿಟರ್ ಪಾಲಿಸ್ಟೈರೀನ್ ಅಥವಾ ಸಿ0ಜಿ ಸೆರಾಮಿಕ್ ಆಗಿರಲಿ. ಅಲ್ಲಿ ಎಕ್ಸ್7ಆರ್ ಬಗೆಯ ಸೆರಾಮಿಕ್ ಹಾಕಿದರೆ ಬಿಸಿಗೆ ಕೆಪಾಸಿಟರಿನ ಅಳತೆಯೇ ಬದಲಾಗಿ ಚಿಪ್‌ನ ಒಳಗಿನ ಟೆಂಪರೇಚರ್ ಕಾಂಪೆನ್ಸೇಷನ್ ಎಲ್ಲವೂ ನೀರಿನಲ್ಲಿ ಹೋಮ. ಮೈನಸ್ 12 ವೋಲ್ಟನ್ನು 3ನೇ ಪಿನ್ನಿಗೆ ನೇರ ಕೊಡಬೇಡಿ. ಒಳಗೆ ಸುಮಾರು 6.5 ವೋಲ್ಟಿನ ಝೀನರ್ ಇದೆ, ಡೇಟಾಶೀಟ್ ಹೇಳುವ ಸರಣಿ ರೆಸಿಸ್ಟರ್ ಇಲ್ಲದಿದ್ದರೆ ಚಿಪ್ ಬೇಯುತ್ತದೆ.

ಪ್ರಶ್ನೆ: ಲೋ ಪಾಸ್ ಗೇಟ್‌ಗೆ (ಸದ್ದಿನ ಮಟ್ಟ, ಹೊಳಪು ಎರಡನ್ನೂ ಒಟ್ಟಿಗೆ ಇಳಿಸುವ ಮಾಡ್ಯೂಲ್) ವ್ಯಾಕ್ಟ್ರಾಲ್ (ಎಲ್‌ಇಡಿ ಮತ್ತು ಎಲ್‌ಡಿಆರ್ ಒಟ್ಟಿಗಿರುವ ಬಿಡಿಭಾಗ) ಸಿಗುತ್ತಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದೇ?

ಮಾಡಬಹುದು. ಸಿಂಥ್ ವಿನ್ಯಾಸಕ ಡಾನ್ ಬುಕ್ಲಾ ಅವರ 292 ಮಾಡ್ಯೂಲ್‌ನಿಂದ ಹೆಸರಾದ ಆ ಮರದ ತುಂಡು ತಟ್ಟಿದಂಥ ಸದ್ದಿನ ಗುಟ್ಟು ವ್ಯಾಕ್ಟ್ರಾಲ್‌ನ ಸೋಮಾರಿತನದಲ್ಲಿದೆ. ಬೆಳಕು ಬಿದ್ದಾಗ ಕೆಲವೇ ಮಿಲಿಸೆಕೆಂಡಿನಲ್ಲಿ ರೆಸಿಸ್ಟೆನ್ಸ್ ಇಳಿಯುತ್ತದೆ, ಆರಿದಾಗ ಏರಲು ಎಷ್ಟೋ ಪಟ್ಟು ಹೆಚ್ಚು ಹೊತ್ತು. ಒಳಗಿನ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಕ್ಯಾಡ್ಮಿಯಂ ಸಲ್ಫೈಡ್‌ನದು, ಆ ಲೋಹದ ಮೇಲಿನ ನಿರ್ಬಂಧಗಳಿಂದಲೇ ಸರಬರಾಜು ಕಷ್ಟವಾಗಿರುವುದು.

5 ಮಿಲಿಮೀಟರ್ ಎಲ್‌ಇಡಿ ಮತ್ತು ಜಿಎಲ್5528ನಂಥ 5 ಮಿಲಿಮೀಟರ್ ಎಲ್‌ಡಿಆರ್ ತೆಗೆದುಕೊಳ್ಳಿ. ಈ ಎಲ್‌ಡಿಆರ್‌ಗೆ ಹಸಿರು ಬೆಳಕು, ಸುಮಾರು 540 ನ್ಯಾನೊಮೀಟರ್, ಹೆಚ್ಚು ಒಗ್ಗುತ್ತದೆ. ಎಲ್‌ಇಡಿಯ ಗುಂಡು ತಲೆಯನ್ನು ಉಜ್ಜು ಕಾಗದದಿಂದ ಚಪ್ಪಟೆ ಮಾಡಿ ಎಲ್‌ಡಿಆರ್ ಮುಖಕ್ಕೆ ಒತ್ತಿ, ಕಪ್ಪು ಹೀಟ್ ಶ್ರಿಂಕ್ ಸ್ಲೀವ್ ಎರಡು ಪದರ ಹಾಕಿ. ಒಂದು ಪದರ ಕಪ್ಪಗೆ ಕಂಡರೂ ಬೆಳಕು ನುಸುಳುತ್ತದೆ. ಎರಡೂ ತುದಿಗಳನ್ನು ಬಿಸಿಯಿರುವಾಗಲೇ ಇಕ್ಕಳದಿಂದ ಅದುಮಿ ಮುಚ್ಚಿ. 5 ವೋಲ್ಟ್, 470 ಓಮ್ ಸರಣಿಯಲ್ಲಿ ಕೊಟ್ಟಾಗ 1 ಕಿಲೋಓಮ್ ಆಸುಪಾಸಿಗೆ ಇಳಿಯಬೇಕು, ಆರಿಸಿ ಹತ್ತು ಸೆಕೆಂಡಾದ ಮೇಲೆ 1 ಮೆಗಾಓಮ್ ಮೀರಬೇಕು. ಮೇಜಿನ ದೀಪ ಹಾಕಿ ಆರಿಸಿದಾಗ ಮೀಟರ್ ಮುಳ್ಳು ಕದಲಿದರೆ ಸ್ಲೀವ್ ಸೋರುತ್ತಿದೆ. ಹತ್ತು ಮಾಡಿದರೆ ಹತ್ತೂ ಬೇರೆ ಬೇರೆ ಇರುತ್ತವೆ, ಆದ್ದರಿಂದ ಬೇಕಾದ್ದಕ್ಕಿಂತ ಇಮ್ಮಡಿ ಮಾಡಿ ಹತ್ತಿರದವನ್ನು ಜೋಡಿ ಹಾಕಿ.

ಪ್ರಶ್ನೆ: ಕಂಪ್ಯೂಟರ್‌ಗೆ ಯುಎಸ್‌ಬಿ ಹಾಕಿದ ತಕ್ಷಣ ಸಿಂಥ್‌ನಲ್ಲಿ ‘ಕುಂಯ್’ ಎಂಬ ಸದ್ದು. ಮೌಸ್ ಆಡಿಸಿದರೆ ಅದೂ ಆಡುತ್ತದೆ.

ಯುಎಸ್‌ಬಿಯ ಗ್ರೌಂಡ್ ಮತ್ತು ಆಡಿಯೊ ಕೇಬಲ್‌ನ ಗ್ರೌಂಡ್ ಸೇರಿ ಒಂದು ಸುತ್ತಾಗಿ, ಕಂಪ್ಯೂಟರಿನ ಗದ್ದಲ ಅದರಲ್ಲಿ ಹರಿಯುತ್ತಿದೆ. ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. 5 ಪಿನ್ ಮಿಡಿಗೆ ಬದಲಾಯಿಸಿದರೆ ಅದರೊಳಗಿನ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂದೇಶ ದಾಟಿಸುವ ಭಾಗ) ಆ ಕೆಲಸ ಮಾಡುತ್ತದೆ. ಯುಎಸ್‌ಬಿಯೇ ಬೇಕಾದರೆ ಯುಎಸ್‌ಬಿ ಐಸೊಲೇಟರ್. ಎಡಿಯುಎಂ3160 ಚಿಪ್‌ನವು 12 ಮೆಗಾಬಿಟ್ ವೇಗದವರೆಗೆ ಮಾತ್ರ, ಮಿಡಿಗೆ ಧಾರಾಳ, ಹೈಸ್ಪೀಡ್ ಆಡಿಯೊ ಇಂಟರ್‌ಫೇಸ್‌ಗೆ ಸಾಲದು. ಆಡಿಯೊ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಹಾಕಿದರೂ ಆಗುತ್ತದೆ, ಆದರೆ ಸಿವಿ ದಾರಿಯಲ್ಲಿ ಬೇಡ, ಡಿಸಿ ಅದನ್ನು ದಾಟದು. ಪವರ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸದ್ದು ನಿಲ್ಲಬಹುದು, ಜೀವವೂ.

ಪ್ರಶ್ನೆ: ಮಾಡ್ಯುಲರ್‌ನಿಂದ ನೇರವಾಗಿ ಸಾಧಾರಣ ಮಿಕ್ಸರ್‌ಗೆ ಕೊಟ್ಟರೆ ಸದ್ದು ಒಡೆಯುತ್ತದೆ, ಹೆಡ್‌ಫೋನ್‌ನಲ್ಲಿ ಒಂದೇ ಕಿವಿಗೆ ಕೇಳಿಸುತ್ತದೆ.

ಒಂದೇ ಕಿವಿಗೆ ಏಕೆಂದರೆ ಜ್ಯಾಕ್ ಮೋನೊ. ಹೆಡ್‌ಫೋನನ್ನು ನೇರ ಹಾಕುವುದನ್ನು ಇಂದೇ ನಿಲ್ಲಿಸಿ. ಯೂರೋರ‍್ಯಾಕ್ ಆಡಿಯೊ ತುದಿಯಿಂದ ತುದಿಗೆ ಸುಮಾರು 10 ವೋಲ್ಟ್. ಗೃಹಬಳಕೆಯ ಲೈನ್ ಮಟ್ಟ 0.9 ವೋಲ್ಟ್ ಹತ್ತಿರ. ಹನ್ನೊಂದು ಪಟ್ಟು ಹೆಚ್ಚು ಕೊಟ್ಟರೆ ಮಿಕ್ಸರ್ ಒಡೆಯದೆ ಏನು ಮಾಡೀತು? ಔಟ್‌ಪುಟ್ ಮಾಡ್ಯೂಲ್ ಕೊಳ್ಳುವವರೆಗೆ ಎರಡು ರೆಸಿಸ್ಟರ್ ಸಾಕು. ಸಿಗ್ನಲ್ ದಾರಿಯಲ್ಲಿ 10 ಕಿಲೋಓಮ್, ಅದರ ಮಿಕ್ಸರ್ ಕಡೆಯ ತುದಿಯಿಂದ ಗ್ರೌಂಡಿಗೆ 1 ಕಿಲೋಓಮ್. 10 ವೋಲ್ಟ್ 0.91ಕ್ಕೆ ಇಳಿಯುತ್ತದೆ. ಮಿಕ್ಸರ್ ಕಡೆಯ ಜ್ಯಾಕಿನ ಚಿಪ್ಪಿನೊಳಗೇ ಎರಡನ್ನೂ ಬೆಸೆದುಬಿಡಬಹುದು. ಆ ಕೇಬಲ್‌ಗೊಂದು ಬಣ್ಣದ ಟೇಪ್ ಸುತ್ತಿಡಿ, ಇಲ್ಲದಿದ್ದರೆ ಅದು ಇನ್ನೊಂದು ದಿನ ಸಿವಿ ಕೇಬಲ್‌ಗಳ ರಾಶಿಯಲ್ಲಿ ಸೇರಿಕೊಂಡು ಆಸಿಲೇಟರ್ ಏರುತ್ತಲೇ ಇಲ್ಲ ಎಂದು ನಮಗೆ ಮತ್ತೊಂದು ಪ್ರಶ್ನೆ ಬರೆಸುತ್ತದೆ.